ಹಿಕ್ಕೆ ನೋಡದೆ ಕುಡಿಸುವ ಔಷಧಿ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಕುರಿ–ಮೇಕೆಗೆ ಜಂತು ಔಷಧಿ ಕುಡಿಸುವ ಕ್ರಮ ಸಾಮಾನ್ಯವಾಗಿ ಒಂದೇ. ಶಿಬಿರದ ದಿನವೋ ಮಳೆಗೆ ಮುಂಚೆಯೋ ಇಡೀ ಮಂದೆಯನ್ನು ಕೂಡಿಹಾಕಿ, ಎಲ್ಲಕ್ಕೂ ಅಂದಾಜಿನ ಅಳತೆಯಲ್ಲಿ ಆಲ್ಬೆಂಡಜೋಲ್. ಹುಳು ಸತ್ತಿತೋ ಇಲ್ಲವೋ ಆಮೇಲೆ ಯಾರೂ ನೋಡುವುದಿಲ್ಲ. ನನ್ನ ತಕರಾರು ಔಷಧಿಯ ಮೇಲಲ್ಲ, ಈ ನೋಡದಿರುವುದರ ಮೇಲೆ.

ಕುದುರೆ ಸಾಕುವವರು ಇದೇ ದಾರಿಯಲ್ಲಿ ಎಡವಿ ಎದ್ದವರು. 1966ರಲ್ಲಿ ಅಮೆರಿಕದ ಕೆಂಟಕಿಯ ವಿಜ್ಞಾನಿಗಳಾದ ಡ್ರಜ್ ಮತ್ತು ಲಯನ್ಸ್, ಎಂಟು ವಾರಕ್ಕೊಮ್ಮೆ ಎಲ್ಲ ಕುದುರೆಗೂ ಔಷಧಿ ಹಾಕಿ ಎಂದರು. ಕರುಳಿಗೆ ರಕ್ತ ಒಯ್ಯುವ ನಾಳವನ್ನೇ ಕೆಡಿಸಿ ಕೊಲ್ಲುತ್ತಿದ್ದ ದೊಡ್ಡ ಸ್ಟ್ರಾಂಗೈಲ್ ಹುಳು ಅದರಿಂದ ತಗ್ಗಿದ್ದು ನಿಜ. ಆದರೆ ದಶಕಗಳಲ್ಲಿ ಸಣ್ಣ ಸ್ಟ್ರಾಂಗೈಲ್‌ಗಳು ಔಷಧಿಗೆ ಜಗ್ಗದಂತಾದವು. ಈಗ ವರ್ಷಕ್ಕೆ ಒಂದೆರಡು ಸಲ ಎಲ್ಲಕ್ಕೂ ಕೊಟ್ಟು, ಮಿಕ್ಕಂತೆ ಲದ್ದಿ ಹೇಳಿದ ಹಾಗೆ ನಡೆಯಿರಿ ಎನ್ನುತ್ತಾರೆ: ಉಪ್ಪುನೀರಲ್ಲಿ ಕಲಸಿ, ತೇಲಿದ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ಬೆಳೆದ ಕುದುರೆಗಳಲ್ಲಿ ನೂರಕ್ಕೆ ಇಪ್ಪತ್ತು–ಮೂವತ್ತೇ ಹೆಚ್ಚುಕಡಿಮೆ 80 ಪಾಲು ಮೊಟ್ಟೆ ಉದುರಿಸುತ್ತವೆ. ಔಷಧಿ ಅವಕ್ಕೆ, ಎರಡು ವಾರದ ಮೇಲೆ ಮತ್ತೆ ಎಣಿಕೆ.

ನಮ್ಮ ಮಂದೆಗಳ ದೊಡ್ಡ ಶತ್ರು ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹಿಮಾಂಕಸ್. ಹೆಣ್ಣುಹುಳು ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ. ಕುರಿ ಉಚ್ಚಿಕೊಳ್ಳುವುದಿಲ್ಲ, ಸುಮ್ಮನೆ ಬಿಳಿಚುತ್ತದೆ, ಗದ್ದದಡಿ ನೀರು ತುಂಬುತ್ತದೆ. ಕೆಳರೆಪ್ಪೆ ಮಗುಚಿ ಬಣ್ಣವನ್ನು ಐದು ಪಟ್ಟಿಯ ಕಾರ್ಡಿಗೆ ಹೋಲಿಸುವ ಫಮಾಚಾ ಪದ್ಧತಿಯನ್ನು ದಕ್ಷಿಣ ಆಫ್ರಿಕಾದವರು ಇದಕ್ಕೆಂದೇ ರೂಪಿಸಿದರು. ಬಿಳಿಚಿದ್ದಕ್ಕೆ ಮಾತ್ರ ಔಷಧಿ. ಹನೂರಿನ ಒಣ ಗುಡ್ಡಗಳಿಗೆ ಇದು ಹೇಳಿಮಾಡಿಸಿದಂತಿದೆ. ಬೇಸಿಗೆಯಲ್ಲಿ ಹುಲ್ಲಿನಲ್ಲಿ ಮರಿಹುಳು ಅಪರೂಪ. ಆಗ ಮಂದೆಗೆಲ್ಲ ಕುಡಿಸಿದರೆ ಔಷಧಿಗೆ ಜಗ್ಗದೆ ಉಳಿದ ಹುಳುಗಳ ಸಂತಾನವೇ ಮಳೆಗಾಲದ ಹಸಿರಿಗೆ ಹರಡುತ್ತದೆ. ಇನ್ನೊಂದು ಎಡವಟ್ಟು: ಮೇಕೆಯ ದೇಹ ಈ ಔಷಧಿಯನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಕುರಿಯ ಅಳತೆ ಅದಕ್ಕೆ ಸಾಲದು. ಗಬ್ಬದ ಮೊದಲ ತಿಂಗಳ ಕುರಿಗೋ, ಆಲ್ಬೆಂಡಜೋಲೇ ಸಲ್ಲದು.

ಯಳಂದೂರಿಗೆ ಬಂದರೆ ಕಾರ್ಡೂ ತಡವರಿಸುತ್ತದೆ. ಸುವರ್ಣಾವತಿಯ ನೀರುಣ್ಣುವ ಗದ್ದೆ, ಕಾಲುವೆಯಂಚಿನ ಬಸವನಹುಳುಗಳು ಕುರಿಯ ಈಲಿಗೆ ಹತ್ತುವ ಎಲೆಹುಳುವಿಗೆ ಆಶ್ರಯ ಕೊಡುತ್ತವೆ. ಅದೂ ಕುರಿಯನ್ನು ಬಿಳಿಚಿಸುತ್ತದೆ. ಆಲ್ಬೆಂಡಜೋಲ್ ಈಲಿಯಲ್ಲಿ ಬಲಿತ ಎಲೆಹುಳುವನ್ನಷ್ಟೇ ಕೊಲ್ಲುತ್ತದೆ, ಎಳೆಯದನ್ನಲ್ಲ. ಅದರ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತೇಲದು. ಹಿಕ್ಕೆಯನ್ನು ಬರಿ ನೀರಲ್ಲಿ ಕದಡಿ ತಳದ ಗಸಿಯನ್ನು ನೋಡಬೇಕು. ತೇಲಿಸುವ ಪರೀಕ್ಷೆಯೊಂದನ್ನೇ ಮಾಡಿ ‘ಹುಳು ಇಲ್ಲ’ ಎಂದು ಬರೆದುಕೊಟ್ಟರೆ ಅದು ಯಳಂದೂರಿನ ಮಟ್ಟಿಗೆ ಅರ್ಧ ಸುಳ್ಳು.

ಹಿಕ್ಕೆ ಹಿಡಿದು ಪಶು ಆಸ್ಪತ್ರೆಗೆ ಅಲೆಯಲು ಕುರಿಗಾಹಿಗೆ ಪುರಸೊತ್ತಿಲ್ಲ, ಒಪ್ಪೋಣ. ಹಾಗಿದ್ದರೆ ಶಿಬಿರದವರೇ ಔಷಧಿಗೆ ಮೊದಲು ಮಂದೆಗೆ ಹತ್ತು ಕುರಿಯಂತೆ ಹಿಕ್ಕೆ ಸಂಗ್ರಹಿಸಲಿ, ಎರಡು ವಾರ ಬಿಟ್ಟು ಅದೇ ಕುರಿಗಳದ್ದನ್ನು ಮತ್ತೆ ನೋಡಲಿ. ಮೊಟ್ಟೆ ಇಳಿಯದ ಮಂದೆಗೆ ಮುಂದಿನ ಸಲ ಬೇರೆ ಗುಂಪಿನ ಔಷಧಿ ತರಲಿ.