ಕುದುರೆಗೆ ಕಣ್ಣೀರು, ಕೊಸಾಕನಿಗೆ ಉರುಳು

ಪುಷ್ಕಿನ್ನನ ‘ಬೊರಿಸ್ ಗೊದುನೋವ್’ ಜನತೆಯ ನಾಟಕ ಅನ್ನುತ್ತಾರೆ. 1825ರಲ್ಲಿ ಬರೆದದ್ದು, 1831ರಲ್ಲಿ ಅಚ್ಚಾದದ್ದು. ಹೊಸ ತ್ಸಾರನಿಗೆ ಜೈ ಅನ್ನಬೇಕಾದ ಜನ ಕೊನೆಗೆ ಬಾಯಿ ಬಿಡದೆ ನಿಲ್ಲುತ್ತಾರೆ. ಆ ಮೌನ ದೊಡ್ಡದು, ಒಪ್ಪೋಣ. ಆದರೆ ಗದ್ದುಗೆ ಅಲ್ಲಾಡಿಸಿದವರು ಸುಮ್ಮನೆ ನಿಂತವರಲ್ಲವಲ್ಲ, ಅವರೆಲ್ಲಿ?

ಚರಿತ್ರೆ ನೋಡಿ. 1601ರಿಂದ 1603ರವರೆಗೆ ರಷ್ಯಾದಲ್ಲಿ ಭೀಕರ ಬರ. ಕೂಳು ಹಾಕುವ ಖರ್ಚು ಯಾಕೆಂದು ಧಣಿಗಳು ಜೀತದಾಳುಗಳನ್ನು ಬೀದಿಗೆ ಅಟ್ಟಿದರು. ಅನೇಕರು ದಕ್ಷಿಣದ ಗಡಿಗೆ ಹೋದರು. ಅದು ಕೊಸಾಕರ ಸೀಮೆ. 1604ರಲ್ಲಿ ಒಬ್ಬ ಪೋಲೆಂಡಿನ ಕಡೆಯಿಂದ ಬಂದು, ಸತ್ತಿದ್ದಾನೆಂದು ತಿಳಿದಿದ್ದ ರಾಜಕುಮಾರ ದ್ಮಿತ್ರಿ ನಾನೇ ಅಂದ. ಕೊಸಾಕರು ಅವನ ಜೊತೆ ನಡೆದರು. ಹಸಿದವನು ರಾಜನ ಜಾತಕ ಕೇಳ್ತಾನೇನ್ರೀ?

ಜನವರಿ 1605ರಲ್ಲಿ ದೊಬ್ರಿನಿಚಿಯಲ್ಲಿ ದ್ಮಿತ್ರಿ ಸೋತ. ನಾಟಕದಲ್ಲಿ ಸೋತವನು ಕಾಡಿನಲ್ಲಿ ಕೂತು ಸಾಯುತ್ತಿರುವ ತನ್ನ ಕುದುರೆಗೆ ಮರುಗುತ್ತಾನೆ. ಸೋಲಿಗೆ ಕಾರಣ ಜಪರೋಜಿಯದ ಕೊಸಾಕರು ಅಂತ ಬೈದು, ಹತ್ತರಲ್ಲಿ ಒಬ್ಬನನ್ನು ನೇಣಿಗೆ ಹಾಕುತ್ತೇನೆ ಅನ್ನುತ್ತಾನೆ. ಇದು ಪುಷ್ಕಿನ್ನನ ಕಸುಬಿನ ತಾಕತ್ತು. ಆಳುವವನ ಒಳಗನ್ನು ಒಂದೇ ಏಟಿಗೆ ಸೀಳಿ ತೋರಿಸುತ್ತಾನೆ.

ಆದರೆ ಮುಂದೆ? ದೊಬ್ರಿನಿಚಿಯ ನಂತರ ಕ್ರೋಮಿ ಎಂಬ ಸಣ್ಣ ಮರದ ಕೋಟೆಯಲ್ಲಿ ಡಾನ್ ಕೊಸಾಕರ ನಾಯಕ ಕೊರೆಲ ಕೆಲವು ನೂರು ಜನರ ಜೊತೆ ನಿಂತ. ಎದುರಿಗೆ ತ್ಸಾರನ ದೊಡ್ಡ ದಂಡು. ಕೋಟೆ ಸುಟ್ಟು ಬೂದಿಯಾಯಿತು. ಕೊಸಾಕರು ಮಣ್ಣು ತೋಡಿ, ಗುಂಡಿಗಳಲ್ಲಿ ಕೂತು ಗುಂಡು ಹಾರಿಸಿದರು. ವಾರಗಟ್ಟಲೆ ದಂಡು ಅಲ್ಲೇ ಕೊಳೆಯಿತು. ಏಪ್ರಿಲಿನಲ್ಲಿ ಬೊರಿಸ್ ಸತ್ತ. ಮೇ ತಿಂಗಳಲ್ಲಿ ಅದೇ ದಂಡು ದ್ಮಿತ್ರಿಯ ಕಡೆ ತಿರುಗಿತು. ಮಾಸ್ಕೋದ ದಾರಿ ತೆರೆದದ್ದು ಈ ಗುಂಡಿಗಳಿಂದ.

ಈ ಮುತ್ತಿಗೆಗೆ ನಾಟಕದಲ್ಲಿ ಒಂದು ದೃಶ್ಯವೂ ಇಲ್ಲ. ಬದಲಿಗೆ ಸೇನಾಪತಿ ಬಸ್ಮಾನೊವ್ ಮತ್ತು ಕವಿಯದೇ ವಂಶದ ಗವ್ರಿಲ ಪುಷ್ಕಿನ್ ಡೇರೆಯಲ್ಲಿ ಕೂತು ಜನರ ಒಲವಿನ ಬಗ್ಗೆ ಮಾತಾಡುತ್ತಾರೆ. ಕೊರೆಲನಿಗೆ ಕ್ರಾಕೋವಿನಲ್ಲಿ ನಾಲ್ಕು ಮಾತು, ಅಷ್ಟೇ. 1874ರಲ್ಲಿ ರಂಗಕ್ಕೆ ಬಂದ ಮುಸೋರ್ಗ್‌ಸ್ಕಿಯ ಗೀತನಾಟಕ ಕ್ರೋಮಿಗೇನೋ ಹೋಗುತ್ತದೆ. ಅಲ್ಲೂ ಕಾಣುವುದು ಬೊಯಾರ್ ಧಣಿಯನ್ನು ಅಣಕಿಸುವ ಗುಂಪು. ಮಣ್ಣೊಳಗೆ ಕೂತು ಕಾದವರಿಲ್ಲ.

ನಾಟಕ ಚರಿತ್ರೆಯ ದಫ್ತರವಲ್ಲ, ಬಿಡೋದು ಹಿಡಿಯೋದು ಕವಿಯ ಸ್ವಾತಂತ್ರ್ಯ ಅನ್ನಬಹುದು. ಸರಿ. ಆದರೆ ಯಾರನ್ನು ಬಿಟ್ಟ ಅಂತ ಕೇಳೋದು ಓದುಗನ ಹಕ್ಕು. ಜನರ ಒಲವು ಡೇರೆಯಲ್ಲಿ ಹುಟ್ಟೋದಿಲ್ಲ, ಅದಕ್ಕೆ ಯಾರೋ ನೆತ್ತರು ಕೊಟ್ಟಿರ್ತಾರೆ. ಪುಷ್ಕಿನ್ ಜನರ ಮೌನ ಕೇಳಿಸಿಕೊಂಡ, ಅವರ ಕೋವಿಯ ಸದ್ದು ಕೇಳಿಸಿಕೊಳ್ಳಲಿಲ್ಲ.

ಕೊಸಾಕರು ಕೂರಿಸಿದ ದ್ಮಿತ್ರಿ 1606ರ ಮೇ ತಿಂಗಳಲ್ಲಿ ಬೊಯಾರರ ಸಂಚಿಗೆ ಬಲಿಯಾದ. 1649ರ ಕಾನೂನು ರೈತನನ್ನು ಧಣಿಯ ನೆಲಕ್ಕೆ ಪೂರ್ತಿ ಕಟ್ಟಿಹಾಕಿತು. ಗದ್ದುಗೆಯ ಮೇಲೆ ಕೂತವರು ಬದಲಾದರು, ಹಗ್ಗ ಬದಲಾಗಲಿಲ್ಲ. ಆ ಹಗ್ಗದ ನಾಟಕ ಬರೆಯೋದು ಇನ್ನೂ ಬಾಕಿ ಇದೆ.