‘ಮುಕುಂದ ಮುರಾರಿ’: ನಗೆಯ ಗುರಿ ಯಾರು?

ಡಾಂಭಿಕ ಸ್ವಾಮಿಗಳನ್ನು ನಗೆಗೀಡುಮಾಡುವ ಬೋಲಪಟವನ್ನು ಭಾವಿಕರು ಧರ್ಮನಿಂದೆಯೆನ್ನುವರು. ಅದರಲ್ಲಿ ದೇವರೇ ಪಾತ್ರವಾಗಿ ಬಂದರೆ ವಿಚಾರವಾದಿಗಳು ಹೇಡಿತನವೆನ್ನುವರು. ನಂದಕಿಶೋರರ ‘ಮುಕುಂದ ಮುರಾರಿ’ (2016) ಎರಡಕ್ಕೂ ಈಡಾಗತಕ್ಕ ಕೃತಿ. ಗುಜರಾತಿ ನಾಟಕವೊಂದು 2012ರಲ್ಲಿ ಹಿಂದಿಯ ‘ಓ ಮೈ ಗಾಡ್’ ಆಗಿ, ಅಲ್ಲಿಂದ ಕನ್ನಡಕ್ಕೆ ಬಂದ ಕಥೆಯಿದು. ಅಂಗಡಿ ಹಾಳಾದ ನಾಸ್ತಿಕ ವ್ಯಾಪಾರಿಗೆ (ಉಪೇಂದ್ರ) ವಿಮಾ ಕಂಪನಿಯು ‘ದೈವಕೃತ’ವೆಂದು ಹಣ ನಿರಾಕರಿಸಲು, ಅವನು ದೇವರ ಮೇಲೆಯೇ ದಾವೆ ಹೂಡುತ್ತಾನೆ. ಅವನ ಬೆಂಬಲಕ್ಕೆ ಕೃಷ್ಣನೇ (ಸುದೀಪ) ಬರುತ್ತಾನೆ!

ಕೃಷ್ಣನು ಬಂದುದರಿಂದಲೇ ದೇವರು ಬೇರೆ, ದೇವರ ದಲಾಲರು ಬೇರೆ ಎಂಬುದು ಸ್ಪಷ್ಟವಾಗುತ್ತದೆ. ವಚನಕಾರರೂ ಪುರಂದರದಾಸರೂ ಡಂಭವನ್ನು ಜರೆದುದು ಭಕ್ತಿಯೊಳಗೆ ನಿಂತೇ ಅಲ್ಲವೆ?

ಕೊರತೆಯಿರುವುದು ಬೇರೆಡೆಗೆ. ಕೊನೆಗೆ ಜನರು ಆ ವ್ಯಾಪಾರಿಯನ್ನೇ ದೇವರೆಂದು ಪೂಜಿಸತೊಡಗುತ್ತಾರೆ. ಪ್ರೇಕ್ಷಕನು ತನ್ನನ್ನೇ ನೋಡಿ ನಗಬೇಕಾದ ಈ ಪ್ರಸಂಗವು ಉಪದೇಶದಲ್ಲಿ ಬೇಗ ಮುಗಿದುಹೋಗುತ್ತದೆ. ಶಿರಗುಪ್ಪಿಯ ಸೀಮೆಯಲ್ಲಿ ಮರಾಠಿ ಬಲ್ಲ ವಾಚಕರು ‘ದೇವೂಳ’ (2011) ಚಿತ್ರವನ್ನು ಇದರೊಡನೆ ತೂಗಿ ನೋಡಲಿ. ಅಲ್ಲಿ ಗೋವಳನೊಬ್ಬನು ದತ್ತದರ್ಶನವಾಯಿತೆಂದುದೇ ತಡ, ಊರಿಗೂರೇ ವ್ಯಾಪಾರಕ್ಕಿಳಿಯುತ್ತದೆ. ದೂರಲು ಕಪಟಸ್ವಾಮಿಯೊಬ್ಬನ ಅಗತ್ಯವೇ ಬೀಳುವುದಿಲ್ಲ.

ಆದರೂ ‘ಮುಕುಂದ ಮುರಾರಿ’ ಮನೆಮಂದಿಯೆಲ್ಲ ಕೂಡಿ ನೋಡತಕ್ಕ ಚಿತ್ರವೇ. ನಕ್ಕು ಮುಗಿದ ಮೇಲೆ, ನಮ್ಮ ಮನೆಯಿಂದ ಯಾವ ಸ್ವಾಮಿಗೆ ಎಷ್ಟು ಕಾಣಿಕೆ ಹೋಯಿತೆಂಬ ಲೆಕ್ಕವನ್ನೂ ಒಮ್ಮೆ ನೋಡುವುದು ಒಳ್ಳೆಯದು.