ರಾಧೆಯಿಲ್ಲದ ರಂಗ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯಲ್ಲಿ ಹಬ್ಬ ಜಾತ್ರೆಗಳ ರಾತ್ರಿ ಆಡುವ ‘ಕುರುಕ್ಷೇತ್ರ’ ನಾಟಕವನ್ನು ನೋಡದ ಮನೆತನಗಳು ವಿರಳ. ಹಗಲು ಹೊಲದಲ್ಲಿ ದುಡಿದವನು ತನ್ನ ಕೈಯಿಂದಲೇ ಹಣ ತೆತ್ತು ಪಾತ್ರವನ್ನು ಪಡೆದು, ಹಾರ್ಮೋನಿಯಂ ಮೇಷ್ಟರ ಬಳಿ ತಿಂಗಳುಗಟ್ಟಲೆ ಪದ್ಯಗಳನ್ನು ಕಲಿತು, ಇರುಳು ಕರ್ಣನಾಗಿ ನಿಲ್ಲುವನು. ಕುಂತಿಯು ಗಂಗಾತೀರಕ್ಕೆ ಬಂದು ಅವನನ್ನು ಮಗನೆಂದು ಕರೆದಾಗ ನೋಡುವವರ ಕಣ್ಣು ಒದ್ದೆಯಾಗುವುದು ಸಹಜವೇ. ಆದರೆ ಆ ರಂಗಕ್ಕೆ ಒಬ್ಬಳು ಸಾಮಾನ್ಯವಾಗಿ ಬರುವುದೇ ಇಲ್ಲ. ಅವಳು ರಾಧೆ. ಈ ಲೋಪವು ಹಳ್ಳಿಯ ನಾಟಕಕಾರರದೋ, ಅವರಿಗೆ ಕಥೆಯನ್ನು ಒದಗಿಸಿದ ಕವಿಗಳದೋ ಎಂಬುದು ವಿಚಾರಾರ್ಹವಾದ ಸಂಗತಿ.

ಮೊದಲು ವ್ಯಾಸಭಾರತದ ಉದ್ಯೋಗಪರ್ವವನ್ನು ನೋಡಬೇಕು. ಕೃಷ್ಣನು ಜನ್ಮರಹಸ್ಯವನ್ನು ಹೇಳಿ ರಾಜ್ಯವನ್ನೇ ಮುಂದಿಟ್ಟಾಗ ಕರ್ಣನು ಕೊಡುವ ಉತ್ತರದಲ್ಲಿ ಕೌರವನ ಋಣಕ್ಕಿಂತ ಮುಂಚೆ ಬರುವುದು ರಾಧೆಯ ಮಾತು. ನೀರಿನಿಂದ ಎತ್ತಿ ತಂದ ಶಿಶುವನ್ನು ಕಂಡೊಡನೆ ಅವಳ ಎದೆಯಲ್ಲಿ ಹಾಲು ಒಸರಿದುದು, ಅವಳು ತನ್ನ ಮಲಮೂತ್ರಗಳನ್ನು ಬಳಿದುದು, ಅಧಿರಥನು ಜಾತಕರ್ಮವನ್ನು ಮಾಡಿಸಿ ವಸುಷೇಣನೆಂದು ಹೆಸರಿಡಿಸಿದುದು, ಮದುವೆ ಮಾಡಿ ಸಂಸಾರಕ್ಕೆ ಹಚ್ಚಿದುದು, ಇವೆಲ್ಲವನ್ನೂ ಅವನು ಲೆಕ್ಕ ಒಪ್ಪಿಸುವಂತೆ ಹೇಳುವನು. ಅಂತಹವಳಿಗೆ ಪಿಂಡವನ್ನು ತಪ್ಪಿಸಲೇ ಎಂದು ಕೇಳುವನು. ಹಾಲು, ಹೊಲಸು, ಹೆಸರು, ಮದುವೆ: ಸಾಕುವುದೆಂದರೇನೆಂಬುದನ್ನು ಇದಕ್ಕಿಂತ ನಿರಾಡಂಬರವಾಗಿ ಹೇಳಿದ ಕವಿ ಅಪೂರ್ವ.

ಕುಂತಿಯ ಭೇಟಿಯು ಇನ್ನೂ ಸೂಕ್ಷ್ಮವಾದುದು. ತಾನು ರಾಧೇಯ, ಅಧಿರಥನ ಮಗನೆಂದು ಕರ್ಣನು ವಂದಿಸುವನು. ಅದಕ್ಕೆ ಅವಳ ಬಾಯಿಂದ ಬರುವ ಮೊದಲ ನುಡಿ ನಿಷೇಧದ್ದು. ನೀನು ಕೌಂತೇಯನು, ರಾಧೇಯನಲ್ಲವೆಂದು. ಹೆತ್ತವಳು ಅಷ್ಟು ಕಾಲದ ಮೇಲೆ ಮಗನೊಡನೆ ಆಡುವ ಮಾತು ಇನ್ನೊಬ್ಬ ತಾಯಿಯನ್ನು ಅಳಿಸುವ ಮಾತಾಯಿತು. ಕರ್ಣನ ಮನಸ್ಸು ಒಲಿಯದಿದ್ದುದಕ್ಕೆ ಪಂಡಿತರು ಸ್ವಾಮಿನಿಷ್ಠೆಯನ್ನು ಮಾತ್ರ ಕಾರಣವಾಗಿ ಹೇಳುವುದುಂಟು. ಈ ಒಂದು ‘ಅಲ್ಲ’ವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ? ನೀನು ಹಿಂದೆ ತಾಯಿಯಂತೆ ನಡೆಯಲಿಲ್ಲ, ಈಗ ನಿನ್ನ ಹಿತಕ್ಕಾಗಿ ಬಂದಿರುವೆಯೆಂದು ಅವನು ನೇರವಾಗಿಯೇ ಹೇಳಿಬಿಡುವನು.

ಕನ್ನಡಕ್ಕೆ ಬಂದಾಗ ತೂಕ ಬದಲಾಯಿಸಿತು. 941ರ ಪಂಪನಿಗೆ ಕರ್ಣನಲ್ಲಿದ್ದ ಪಕ್ಷಪಾತವು ಪ್ರಸಿದ್ಧವೇ ಆಗಿದೆ. ಆದರೆ ಒಡೆಯನ ಮನ್ನಣೆಯನ್ನು ಉಂಡ ಆ ಕವಿಗೆ ದುರ್ಯೋಧನನ ಸ್ನೇಹವೇ ಕರ್ಣನ ಬಾಳಿನ ನಡುಗಂಬವಾಗಿ ಕಂಡಿತು. ಹದಿನೈದನೆಯ ಶತಮಾನದ ಕುಮಾರವ್ಯಾಸನಲ್ಲಿಯೂ ಮುಂದೆ ನಿಲ್ಲುವವನು ಕೌರವನೇ. ರಾಧೆ ಹಿಂದಕ್ಕೆ ಸರಿಯುವಳು.

ಆದರೂ ಗದುಗಿನ ಕವಿಯು ಕಂಡ ಒಂದು ಸತ್ಯವು ಬೇರೆಲ್ಲಿಯೂ ಅಷ್ಟು ತೀವ್ರವಾಗಿಲ್ಲ. ಕೃಷ್ಣನು ಮೈದುನನ ಸಲುಗೆಯಿಂದ ಕರ್ಣನನ್ನು ರಥದೊಳಗೆ ಎಳೆದು ತನ್ನ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವನು. ವಂಶವನ್ನು ಕೇಳಿದ ಕರ್ಣನ ಕೊರಳು ಬಿಗಿಯುವುದು, ಕಣ್ಣೀರು ನುಗ್ಗುವುದು. ಆದರೆ ಅದು ಹಿಗ್ಗಿನ ಕಣ್ಣೀರಲ್ಲ. ಕುಲವನ್ನು ಅರುಹಿಯೇ ಹರಿಯು ತನ್ನನ್ನು ಕೊಂದನೆಂದು ಅವನಿಗೆ ತೋರುವುದು. ತನ್ನ ಹುಟ್ಟನ್ನು ತಿಳಿಯುವ ಹಂಬಲವು ಮನುಷ್ಯನಿಗೆ ಸಹಜ; ಆ ತಿಳಿವನ್ನು ಆಯುಧವಾಗಿ ಹಿಡಿದು ಬರುವವನ ಕೈಯಿಂದ ಅದನ್ನು ಪಡೆಯುವುದು ಬೇರೆಯೇ ಮಾತು. ಕರ್ಣನು ಅರಸಿ ಹೋದವನಲ್ಲ, ಅವನನ್ನು ಅರಸಿ ಬಂದರು. ಅದೂ ಯುದ್ಧದ ಮುನ್ನ.

ಇದು ಹಳೆಯ ಕಾವ್ಯದ ಜಿಜ್ಞಾಸೆ ಮಾತ್ರವಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದಂದಿನಿಂದ, ಶೈಶವದಲ್ಲಿ ಪರದೇಶಕ್ಕೆ ದತ್ತು ಹೋಗಿ ಬೆಳೆದು ಹೆತ್ತವರನ್ನು ಅರಸಿ ಕನ್ನಡನಾಡಿಗೆ ಬರುವವರು ಮೊದಲು ಕಾಲಿಡುವುದು ಈ ಜಿಲ್ಲೆಯ ಮಣ್ಣಿನಲ್ಲಿಯೇ. ಪರದೇಶದ ದತ್ತುವಿಗೆ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯಲ್ಲಿ ಕಟ್ಟುಪಾಡುಗಳನ್ನು ಹಾಕಿತು. 2022ರ ದತ್ತು ನಿಬಂಧನೆಗಳು ಮೂಲವನ್ನು ಅರಸುವ ಹಕ್ಕನ್ನು ಮಗುವಿಗೆ ಒಪ್ಪಿ, ಹೆತ್ತವರ ಗೋಪ್ಯಕ್ಕೆ ಅದು ಭಂಗ ತರಬಾರದೆಂದೂ ವಿಧಿಸಿವೆ. ಮೂರನೆಯವರು ಈ ಶೋಧನೆಗೆ ಇಳಿಯಕೂಡದೆಂಬ ಮಾತೂ ಅಲ್ಲಿದೆ. ಪಾಪ, ಕೃಷ್ಣನ ರಾಯಭಾರವು ಈ ನಿಬಂಧನೆಯ ಮುಂದೆ ನಿಲ್ಲಲಾರದು!

ಸಾಕಿದವಳನ್ನು ಅಳಿಸದೆ ಹೆತ್ತವಳನ್ನು ಸೇರಿದ ಕಥೆಯೂ ನಮ್ಮ ಕಾಲದಲ್ಲಿ ಬಂದಿದೆ. 1986ರಲ್ಲಿ ಐದರ ವಯಸ್ಸಿನಲ್ಲಿ ರೈಲಿನಲ್ಲಿ ತಪ್ಪಿಹೋಗಿ, ಕಲ್ಕತ್ತೆಯಿಂದ ಆಸ್ಟ್ರೇಲಿಯದ ಹೋಬರ್ಟ್ ನಗರಕ್ಕೆ ದತ್ತು ಹೋದ ಸರೂ ಬ್ರಿಯರ್ಲಿ, ಉಪಗ್ರಹದ ನಕ್ಷೆಗಳಲ್ಲಿ ಹುಡುಕಿ ಹುಡುಕಿ, 2012ರಲ್ಲಿ ಖಂಡ್ವಾದಲ್ಲಿ ತಾಯಿಯನ್ನು ಕಂಡನು. ಅವನ ಆತ್ಮಕಥೆ 2013ರಲ್ಲಿಯೂ ‘ಲಯನ್’ ಚಿತ್ರವು 2016ರಲ್ಲಿಯೂ ಹೊರಬಂದುವು. ಆ ಚಿತ್ರದಲ್ಲಿ ಸಾಕುತಾಯಿಗೆ ಹೆತ್ತವಳಷ್ಟೇ ಹಿರಿದಾದ ಎಡೆಯಿದೆ. ನಮ್ಮ ರಂಗಕ್ಕೆ ಸಾಧ್ಯವಾಗದುದು ಅಲ್ಲಿ ಸಾಧ್ಯವಾಯಿತು.

ವ್ಯಾಸನ ಕರ್ಣನು ಈ ಗುಟ್ಟನ್ನು ಧರ್ಮರಾಯನಿಗೆ ತಿಳಿಸಬೇಡವೆಂದು ಕೃಷ್ಣನನ್ನೇ ಬೇಡಿಕೊಂಡನು. ಕೊನೆಗೆ ಸ್ತ್ರೀಪರ್ವದಲ್ಲಿ, ಸತ್ತವರಿಗೆ ತರ್ಪಣ ಬಿಡುವ ಹೊತ್ತಿನಲ್ಲಿ, ಕುಂತಿಯು ಅದನ್ನು ಮಕ್ಕಳ ಮುಂದೆ ಬಿಚ್ಚಿದಳು. ಅಣ್ಣನನ್ನು ಪಡೆದುದೂ ಕಳೆದುಕೊಂಡುದೂ ಅವರಿಗೆ ಒಂದೇ ಗಳಿಗೆಯ ಸುದ್ದಿ.

ನಮ್ಮ ಸೀಮೆಯ ಮೇಷ್ಟರುಗಳು ಮುಂದಿನ ಜಾತ್ರೆಗೆ ತಾಲೀಮು ಕಟ್ಟುವಾಗ ಗಂಗಾತೀರದ ದೃಶ್ಯದ ಬೆನ್ನಿಗೆ ಒಂದು ಚಿಕ್ಕ ಪ್ರವೇಶವನ್ನು ಸೇರಿಸಿದರೆ ನಾಟಕಕ್ಕೆ ಕುಂದಿಲ್ಲ. ಕುಂತಿಗೆ ಮಾತು ಕೊಟ್ಟ ಕರ್ಣನು ಸೂತನ ಮನೆಗೆ ಹಿಂದಿರುಗುವನು. ಬಾಗಿಲಲ್ಲಿ ರಾಧೆಯಿರುವಳು, ಹೊತ್ತು ಮೀರಿತಲ್ಲವೆಂದು ಕೇಳುವಳು. ಅವಳಿಗೆ ಅವನು ಏನನ್ನು ಹೇಳುವನು, ಏನನ್ನು ಮುಚ್ಚಿಡುವನು? ಅಲ್ಲಿಗೆ ಪದ್ಯವೇ ಬೇಡ, ಹಾರ್ಮೋನಿಯಂ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು.